ಬಾಜಿ ಅಂಗಡಿಗಳ ತನಿಖೆ

ಜೂಜನ್ನು ನಿಷೇಧಿಸುವುದು ಒಂದು ನೀತಿ. ಲೈಸನ್ಸು ಕೊಟ್ಟು ಸರ್ಕಾರದ ಕಣ್ಣೆದುರಿನಲ್ಲಿ ನಡೆಯಗೊಡುವುದು ಇನ್ನೊಂದು. ಎರಡನೆಯದನ್ನು ಹಿಡಿದ ಸರ್ಕಾರವು ಆ ಕಣ್ಣನ್ನೇ ಮುಚ್ಚಿಕೊಂಡರೆ ಉಳಿಯುವುದು ನೀತಿಯಲ್ಲ, ಬರಿಯ ವರಮಾನ. ಇಂಗ್ಲೆಂಡಿನ ಬಾಜಿ ಅಂಗಡಿಗಳ ಚರಿತ್ರೆಯು ಇದಕ್ಕೆ ತಕ್ಕ ದೃಷ್ಟಾಂತ.

ಬೀದಿಯ ಮೂಲೆಯಲ್ಲಿ ಕದ್ದು ಕಟ್ಟುತ್ತಿದ್ದ ಬಾಜಿಯನ್ನು ಬೆಳಕಿಗೆ ತರಬೇಕೆಂದು ಅಲ್ಲಿಯ ಪಾರ್ಲಿಮೆಂಟು 1960ರಲ್ಲಿ ಶಾಸನ ಮಾಡಿತು; 1961ರ ಮೇ ತಿಂಗಳಿನಿಂದ ಅಂಗಡಿಗಳು ತೆರೆದುವು. ಊರಿಗೆ ಇನ್ನೊಂದು ಅಂಗಡಿ ಬೇಕೇ ಎಂದು ಲೈಸನ್ಸು ಕೊಡುವವರು ಆಗ ವಿಚಾರಿಸಬಹುದಾಗಿತ್ತು. 2005ರ ಶಾಸನವಾದರೋ ಆ ಪ್ರಶ್ನೆಯನ್ನೇ ಎತ್ತಕೂಡದೆಂದು ವಿಧಿಸಿತು. ಸ್ಥಳೀಯ ಕೌನ್ಸಿಲು ಅನುಮತಿ ಕೊಡುವ ಕಡೆಗೇ ಒಲಿದಿರಬೇಕು. ತರುವಾಯ ಅದರ ಅಧಿಕಾರಿಗಳು ಹೋಗಿ ಪರೀಕ್ಷಿಸಬಹುದು.

ಪರೀಕ್ಷಿಸುವುದು ಏನನ್ನು? ಲೈಸನ್ಸಿನ ಪ್ರತಿ ಗೋಡೆಯಲ್ಲಿದೆಯೇ, ಹದಿನೆಂಟು ತುಂಬದವರನ್ನು ಒಳಗೆ ಬಿಡುತ್ತಾರೆಯೇ, ತನ್ನನ್ನು ಸೇರಿಸಬೇಡಿರೆಂದು ತಾನೇ ಬರೆದುಕೊಟ್ಟವನನ್ನು ತಡೆಯುತ್ತಾರೆಯೇ? ಇವೆಲ್ಲ ಅವಶ್ಯಕವೇ. ಆದರೆ ಇವೆಲ್ಲವೂ ಕ್ರಮವಾಗಿದ್ದಾಗಲೂ ಮೂಲೆಯ ಯಂತ್ರದ ಮುಂದೆ ಕುಳಿತವನು 20 ಸೆಕೆಂಡಿಗೊಮ್ಮೆ 100 ಪೌಂಡು ಪಣವೊಡ್ಡಬಹುದಾಗಿತ್ತು. ಅದು ಶಾಸನಸಮ್ಮತ, ಇನ್‌ಸ್ಪೆಕ್ಟರಿಗೆ ಅಲ್ಲಿ ಮಾತಿಲ್ಲ! ಪಣವನ್ನು 2 ಪೌಂಡಿಗೆ ಇಳಿಸುವುದನ್ನು ಸರ್ಕಾರವು ಮುಂದೂಡಹೊರಟಾಗ, 2018ರಲ್ಲಿ, ಮಂತ್ರಿಣಿ ಟ್ರೇಸಿ ಕ್ರೌಚರು ರಾಜೀನಾಮೆಯಿತ್ತರು. ಆಮೇಲೆಯೇ 2019ರ ಏಪ್ರಿಲಿನಿಂದ ಅದು ಜಾರಿಗೆ ಬಂದಿತು.

ದಂಡದ ಕಥೆಯನ್ನೂ ನೋಡಿರಿ. 2023ರಲ್ಲಿ ವಿಲಿಯಂ ಹಿಲ್ ಸಮೂಹವು ನಿಯಮೋಲ್ಲಂಘನೆಗಾಗಿ 192 ಲಕ್ಷ ಪೌಂಡು ತೆರಬೇಕಾಯಿತು. ಅದರಲ್ಲಿ ಅಂಗಡಿಗಳ ಪಾಲು 30 ಲಕ್ಷ. ಅಂಗಡಿಗಳೋ 1300ಕ್ಕೂ ಹೆಚ್ಚು. ಅಂಗಡಿಯೊಂದಕ್ಕೆ 2300 ಪೌಂಡೂ ಬೀಳಲಿಲ್ಲ. ಅದೇ ಅಂಗಡಿಗಳಲ್ಲಿ ಒಬ್ಬ ಗಿರಾಕಿಯು ಹನ್ನೆರಡು ದಿನಗಳಲ್ಲಿ ಕಳೆದುಕೊಂಡದ್ದು 20,000 ಪೌಂಡಿಗೆ ಮೀರಿದ ಹಣ. ಲೈಸನ್ಸನ್ನು ಅಮಾನತಿನಲ್ಲಿಡುವ ಯೋಚನೆಯನ್ನು ಗಂಭೀರವಾಗಿ ಮಾಡಿದ್ದೆವೆಂದು ಆಯೋಗವೇ ನುಡಿಯಿತು, ಇಡಲಿಲ್ಲ. ಹೀಗಿರುವಲ್ಲಿ ದಂಡವು ಶಿಕ್ಷೆಯಾಗದೆ ವ್ಯಾಪಾರದ ಖರ್ಚಾಗುತ್ತದೆ.

ನಮಗೇಕೆ ಈ ಪರದೇಶದ ಸುದ್ದಿ ಎನ್ನುವವರುಂಟು. ನಮ್ಮಲ್ಲಿಯೂ ಕುದುರೆಪಂದ್ಯಕ್ಕೆ 1952ರ ಮೈಸೂರು ಶಾಸನದ ಮೇರೆಗೆ ಲೈಸನ್ಸು ಉಂಟು. 2024ರ ಜನವರಿಯಲ್ಲಿ ಬೆಂಗಳೂರಿನ ಪಂದ್ಯದ ಮೈದಾನದಲ್ಲಿ ಬುಕ್ಕಿಗಳ ಮಳಿಗೆಗಳನ್ನು ಪೋಲೀಸರು ಶೋಧಿಸಿದುದು ತೆರಿಗೆ ತಪ್ಪಿಸಿದ ಆರೋಪದ ಮೇಲೆ. ಬೊಕ್ಕಸದ ನಷ್ಟಕ್ಕೆ ಕಾವಲುಂಟು. ಆಡಿ ಕೆಟ್ಟವನ ಮನೆಯ ನಷ್ಟಕ್ಕೆ ಕಾವಲೆಲ್ಲಿ?

ಕೌರವರ ಸಭೆಯಲ್ಲಿಯೂ ದ್ಯೂತವು ನಿಯಮಬದ್ಧವಾಗಿಯೇ ನಡೆಯಿತು. ಹಿರಿಯರು ನೋಡುತ್ತಲೇ ಕುಳಿತಿದ್ದರು. ನೋಡುವುದಕ್ಕೆ ಮಾತ್ರ ಬರುವ ತನಿಖೆಯಿಂದ ಯಾರಿಗೂ ರಕ್ಷೆಯಿಲ್ಲ. ತಡೆಯುವ ಅಧಿಕಾರವನ್ನೂ, ಮುಚ್ಚಿಸುವ ಧೈರ್ಯವನ್ನೂ ತನಿಖೆದಾರನಿಗೆ ಕೊಡಲಾರದ ಸರ್ಕಾರವು ಲೈಸನ್ಸನ್ನು ಕೊಡದಿರುವುದೇ ಲೇಸು.