ಬಾವುಟಗುಡ್ಡೆ

ಕಡಲ ಕರೆಯಲ್ಲಿ ವಾಸಿಸುವ ನಮಗೆ ಎತ್ತರದ ನೆಲೆಯೆಂದೊಡನೆ ಘಟ್ಟದ ಮೇಲಣ ಊರುಗಳೇ ನೆನಪಾಗುವುವು. ಆದರೆ ಪೇಟೆಯ ನಡುವೆಯೇ ತಲೆಯೆತ್ತಿ ನಿಂತ ಗುಡ್ಡವೊಂದು ಮಂಗಳೂರಿನಲ್ಲಿರುವುದು. ಅದೇ ಬಾವುಟಗುಡ್ಡೆ. ಹಿಲ್ಲೂರು, ಅಂಕೋಲೆ, ಕಾರವಾರಗಳ ಗೃಹಸ್ಥರಿಗೆ ಮಂಗಳೂರು ತೀರ ಪರಸ್ಥಳವಲ್ಲ. ಹಿಂದೆ ಎರಡು ಕನ್ನಡ ಜಿಲ್ಲೆಗಳೂ ಒಂದೇ ಆಗಿದ್ದು, ಜಿಲ್ಲೆಯ ಕಚೇರಿಯು ಅಲ್ಲಿಯೇ ಇದ್ದಿತು. 1862ರಲ್ಲಿ ನಮ್ಮ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತು.

ಎತ್ತರದ ನೆಲಕ್ಕೆ ಎರಡು ಗುಣಗಳುಂಟು: ಅಲ್ಲಿಂದ ದೂರದ್ದು ಕಾಣುವುದು, ಅಲ್ಲಿರುವುದು ದೂರಕ್ಕೆ ಕಾಣಿಸುವುದು. ಬಾವುಟಗುಡ್ಡೆಯ ಚರಿತ್ರೆಯೆಲ್ಲವೂ ಈ ಎರಡು ಗುಣಗಳಲ್ಲಿ ಅಡಗಿದೆ. 1837ರ ಏಪ್ರಿಲ್ ತಿಂಗಳಿನಲ್ಲಿ ಅಮರಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಕುಂಪಣಿ ಸರಕಾರವನ್ನು ಎದುರಿಸಿ ಮಂಗಳೂರನ್ನು ಹಿಡಿದಾಗ, ತಮ್ಮ ಬಾವುಟವನ್ನು ಏರಿಸಿದ್ದು ಈ ಗುಡ್ಡದ ಮೇಲೆ. ಅವರ ಆಳಿಕೆ ಎರಡು ವಾರವೂ ನಿಲ್ಲಲಿಲ್ಲ, ಮುಂದಾಳುಗಳಲ್ಲಿ ಕೆಲವರು ಗಲ್ಲಿಗೇರಿದರು. ಆದರೂ ಊರು ಅವರನ್ನು ಮರೆಯಲಿಲ್ಲ. ಅವರಲ್ಲೊಬ್ಬನಾದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯು 2022ರಲ್ಲಿ ಅಲ್ಲಿಯೇ ಅನಾವರಣಗೊಂಡಿತು.

ನಾವಿಕರಿಗೂ ಈ ಎತ್ತರವು ಬೇಕಾಯಿತು. ಠಾಗೂರರ ಹೆಸರಿನ ಉದ್ಯಾನದಲ್ಲಿ ಹಳೆಯ ದೀಪಸ್ತಂಭವು ಇಂದಿಗೂ ನಿಂತಿದೆ. ವಿದ್ಯೆಗೂ ಇದು ಒಪ್ಪಿತು. 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿನ ನೆಲೆ ಈ ಗುಡ್ಡವೇ. ಅದರ ಪ್ರಾರ್ಥನಾಮಂದಿರದ ಗೋಡೆ ಮಾಳಿಗೆಗಳನ್ನು ಇಟಲಿಯ ಆಂಟೋನಿಯೊ ಮೊಸ್ಕೇನಿ ಎಂಬ ಚಿತ್ರಕಾರನು 1899ರಿಂದ 1901ರ ವರೆಗೆ ವರ್ಣಚಿತ್ರಗಳಿಂದ ತುಂಬಿದನು. ಗುಡ್ಡದ ದಾರಿಯನ್ನೇ ಹಿಡಿದು ಮುಂದೆ ನಡೆದರೆ ಬಲ್ಮಠವು ಸಿಗುವುದು. ಅಲ್ಲಿ ಬಾಸೆಲ್ ಮಿಶನ್ನಿನವರು ಅಚ್ಚುಕೂಟವನ್ನಿಟ್ಟರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ, 1894ರಲ್ಲಿ ಕಿಟ್ಟೆಲರ ನಿಘಂಟನ್ನು ಅಚ್ಚಿಸಿದವರೂ ಇವರೇ. ನಮ್ಮ ಮನೆಗಳಿಗೆ ಮಾಸಪತ್ರಿಕೆಗಳು ಬರುವ ದಾರಿಯು ಅಲ್ಲಿಂದಲೇ ತೊಡಗಿತೆನ್ನಬಹುದು.

ಈಗಿನ ಸ್ಥಿತಿಯನ್ನು ಹೇಳದೆ ಬಿಡುವುದು ಸರಿಯಲ್ಲ. ಕೆಂಪು ಹಂಚಿನ ಮಾಡು, ಉದ್ದನೆಯ ಜಗಲಿ, ಅಂಗಳದ ಹಲಸು ಮಾವುಗಳಿದ್ದ ಮನೆಗಳು ಒಂದೊಂದಾಗಿ ಮಾಯವಾಗಿ, ಅವುಗಳ ಎಡೆಯಲ್ಲಿ ಹಲವು ಮಹಡಿಗಳ ಕಟ್ಟಡಗಳು ಏಳುತ್ತಿವೆ. ಜನರಿಗೆ ಮನೆ ಬೇಕು. ಅದನ್ನು ನಾವು ಅಲ್ಲಗಳೆಯೆವು. ಆದರೆ ಗುಡ್ಡಕ್ಕಿಂತ ಕಟ್ಟಡವೇ ಎತ್ತರವಾದಲ್ಲಿ, ಗುಡ್ಡದಿಂದ ಕಡಲೂ ಕಾಣದು, ಕಡಲಿನಿಂದ ಗುಡ್ಡವೂ ಕಾಣದು. ಆಗ ಉಳಿಯುವುದು ಹೆಸರೊಂದೇ. ಹಣವುಳ್ಳವನು ಹತ್ತನೆಯ ಮಹಡಿಯಿಂದ ಸಮುದ್ರವನ್ನು ನೋಡಬಲ್ಲನು. ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಕಾಸಿಲ್ಲದೆ ನೋಡುತ್ತಿದ್ದವನ ಪಾಲನ್ನು ಕೊಡುವವರಾರು?

ಆದುದರಿಂದ ಕೆಲಸಕ್ಕಾಗಿಯೋ, ಔಷಧಕ್ಕಾಗಿಯೋ, ನೆಂಟರ ಮನೆಗೋ ಮಂಗಳೂರಿಗೆ ಹೋಗುವ ನಮ್ಮ ವಾಚಕರು, ಬಿಸಿಲಿಳಿದ ಮೇಲೆ ಹಂಪನಕಟ್ಟೆಯಲ್ಲಿ ವಾಹನವಿಳಿದು, ಮಕ್ಕಳ ಕೈಹಿಡಿದು ಆ ಏರನ್ನು ನಡೆದೇ ಹತ್ತಬೇಕೆಂದು ನಾವು ಬಿನ್ನವಿಸುವೆವು. ಬಾವುಟವನ್ನು ಏರಿಸಿದವರೂ ನಡೆದೇ ಬಂದವರು ಎಂಬ ಮಾತನ್ನು ಏರುದಾರಿಯಲ್ಲಿ ಮಕ್ಕಳಿಗೆ ತಿಳಿಸಿದರೆ, ಅದು ಪುಸ್ತಕದ ಪಾಠಕ್ಕಿಂತ ಹೆಚ್ಚು ಕಾಲ ಅವರ ಮನಸ್ಸಿನಲ್ಲಿ ನಿಲ್ಲುವುದು.