ರಾಜೀನಾಮೆಯೆಂಬ ಬಲವಂತ

ಸಿದ್ಧ ಉಡುಪು ಕಾರ್ಖಾನೆಯಲ್ಲಿ ದುಡಿಯುವ ಮಹಿಳೆಯೊಬ್ಬರು ಮೇಲ್ವಿಚಾರಕನ ಬೈಗುಳ ತಾಳಲಾರದೆ ಕೆಲಸ ಬಿಟ್ಟರೆ ಅದನ್ನು ಸ್ವಇಚ್ಛೆಯೆಂದು ಕರೆಯಬಹುದೇ? ಕಡತಗಳ ಪ್ರಕಾರ ಹೌದು. 2005ರ ಏಪ್ರಿಲ್‌ನಲ್ಲಿ ಇ.ಎಸ್.ಐ. ನಿಗಮ ಆರಂಭಿಸಿದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯ ನಿರುದ್ಯೋಗ ಭತ್ಯೆಯು ಕಾರ್ಖಾನೆ ಮುಚ್ಚಿದವರಿಗೆ, ಕಡಿತಗೊಂಡವರಿಗೆ, ಶಾಶ್ವತ ಅಂಗವೈಕಲ್ಯಕ್ಕೆ ತುತ್ತಾದವರಿಗೆ ಮೀಸಲಾಯಿತು. 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯ ನೆರವು 2020ರಲ್ಲಿ ಸರಾಸರಿ ದಿನಗೂಲಿಯ ಶೇ. 25ರಿಂದ ಶೇ. 50ಕ್ಕೇರಿತಾದರೂ ಅದು ಜೀವಮಾನದಲ್ಲಿ 90 ದಿನಗಳಿಗೆ ಸೀಮಿತ. ಸ್ವಯಂ ನಿವೃತ್ತರು ಅದಕ್ಕೂ ಹೊರಗು. ಕಿರುಕುಳಕ್ಕೆ ಬೇಸತ್ತು ಹೊರಬಂದವರ ಮಾತನ್ನು ಇವೆರಡೂ ಎತ್ತುವುದಿಲ್ಲ.

ಇದರಿಂದ ಲಾಭ ಯಾರಿಗೆ? ಕಾರ್ಮಿಕರನ್ನು ಕಡಿತಗೊಳಿಸಿದರೆ ಮಾಲೀಕರು ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನವನ್ನು ಪರಿಹಾರವಾಗಿ ತೆರಬೇಕು. ಬೈದು ಓಡಿಸಿದರೆ ಅಷ್ಟೂ ಉಳಿತಾಯ!

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೂಕ್ತ ಕಾರಣವಿದ್ದು ಕೆಲಸ ತೊರೆದವರನ್ನು ನಿರುದ್ಯೋಗ ಭತ್ಯೆಯಿಂದ ಹೊರಗಿಡುವಂತಿಲ್ಲ. ಕೂಲಿಯಿಂದ ವಂತಿಗೆ ಮುರಿದುಕೊಳ್ಳುವ ನಮ್ಮ ನಿಗಮವೂ ಬಿಟ್ಟ ಕಾರಣವನ್ನು ವಿಚಾರಿಸಲಿ ಎಂಬುದು ನಮ್ಮ ಆಗ್ರಹ. ಅಲ್ಲಿಯವರೆಗೆ ನಮ್ಮ ಹೆಣ್ಣುಮಕ್ಕಳು ‘ಮನೆಯ ತೊಂದರೆಯಿಂದ ಬಿಡುತ್ತಿದ್ದೇನೆ’ ಎಂದು ಇತರರು ಬರೆದಿಟ್ಟ ಪತ್ರಕ್ಕೆ ಸಹಿ ಹಾಕಬಾರದು. ನಡೆದದ್ದನ್ನು ದಿನಾಂಕ ಸಹಿತ ಬರೆದುಕೊಟ್ಟು, ಸ್ವೀಕೃತಿಯ ಮೊಹರಿರುವ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಲಿ.