ಮೆಟ್ಟಿಲಿನ ಲೆಕ್ಕ

ದಿನಾ ರೈಲಿನಲ್ಲಿ ಬೆಂಗಳೂರಿಗೆ ಬಂದುಹೋಗುವವರಿಗೆ ಒಂದು ವಿಶೇಷ ಜ್ಞಾನ ಇರುತ್ತದೆ. ಯಾವ ಬೋಗಿ ಹತ್ತಿದರೆ ಇಳಿಯುವಾಗ ಮೆಟ್ಟಿಲು ಎದುರಿಗೇ ಬರುತ್ತದೆ ಎಂಬುದು ಅವರಿಗೆ ಕರಾರುವಾಕ್ಕಾಗಿ ಗೊತ್ತು. ತುಮಕೂರು, ಮಂಡ್ಯ, ರಾಮನಗರ, ಬಂಗಾರಪೇಟೆ, ಯಾವ ಕಡೆಯ ಪಾಸಿನವರನ್ನಾದರೂ ಕೇಳಿ ನೋಡಿ. "ಮುಂದಿನಿಂದ ನಾಲ್ಕನೇದು, ಹಿಂದಿನ ಬಾಗಿಲು" ಎಂದು ಥಟ್ಟನೆ ಹೇಳುತ್ತಾರೆ. ರೈಲು ಇನ್ನೂ ಸಿಗ್ನಲ್ಲಿನ ಬಳಿ ತೆವಳುತ್ತಿರುವಾಗಲೇ ಇಸ್ಪೀಟಿನ ಎಲೆಗಳು ಜೇಬು ಸೇರುತ್ತವೆ, ಸುಲಿದ ಅವರೆಕಾಳು ಡಬ್ಬಿ ಸೇರುತ್ತದೆ, ಊಟದ ಚೀಲ ಹೆಗಲೇರುತ್ತದೆ. ಎಲ್ಲರೂ ಬಾಗಿಲ ಬಳಿ! ಇಳಿದ ಮೇಲೆ ಐದು ನಿಮಿಷ ಹಾಳಾದರೆ ಬಸ್ಸು ಹೋಯಿತು. ಬಸ್ಸು ಹೋದರೆ ಕಚೇರಿಯ ಬೆರಳಚ್ಚು ಯಂತ್ರಕ್ಕೆ ಕರುಣೆಯಿಲ್ಲ.

ಆ ಐದು ನಿಮಿಷ ಹಾಳಾಗುವುದು ಬಹುಮಟ್ಟಿಗೆ ನಿಲ್ದಾಣದ ಮೆಟ್ಟಿಲಿನ ಮೇಲೆ. ಈ ವಾರ ಆ ಮೆಟ್ಟಿಲಿನ ಲೆಕ್ಕ ನೋಡೋಣ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಅಪ್ಪ ಅಮ್ಮಂದಿರೂ ಜೊತೆಗೆ ಕೂತು ಓದಿದರೆ ಒಳ್ಳೆಯದು. ಏಕೆಂದರೆ ಹಬ್ಬದ ರಜೆಗೆ ಮಕ್ಕಳ ಕೈ ಹಿಡಿದು ಅದೇ ಮೆಟ್ಟಿಲು ಹತ್ತುವವರು ಅವರೇ ತಾನೆ?

ದೇಶದಲ್ಲಿ ಈಗ ರೈಲು ನಿಲ್ದಾಣಗಳ ಕಾಯಕಲ್ಪದ ಕಾಲ. 'ಅಮೃತ್ ಭಾರತ್' ಯೋಜನೆಯ ಪಟ್ಟಿಯಲ್ಲಿ 1,300ಕ್ಕೂ ಹೆಚ್ಚು ನಿಲ್ದಾಣಗಳಿವೆ. 2025ರ ಮೇ 22ರಂದು ಒಂದೇ ದಿನ 103 ನಿಲ್ದಾಣಗಳ ಉದ್ಘಾಟನೆಯಾಯಿತು. ಧಾರವಾಡ, ಗದಗ, ಬಾಗಲಕೋಟೆ, ಮುನಿರಾಬಾದ್, ಗೋಕಾಕ್ ರೋಡ್ ಅವುಗಳಲ್ಲಿ ನಮ್ಮವು. ಬೆಂಗಳೂರಿನ ಯಶವಂತಪುರ ಹಾಗೂ ದಂಡು ನಿಲ್ದಾಣಗಳ ನವೀಕರಣಕ್ಕೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ದಂಡು ನಿಲ್ದಾಣ ಸಾಮಾನ್ಯದ್ದಲ್ಲ. ಮದ್ರಾಸಿನ ಕಡೆಯಿಂದ ಬೆಂಗಳೂರಿಗೆ ಮೊದಲು ರೈಲು ಬಂದದ್ದು 1864ರಲ್ಲಿ, ಇಲ್ಲಿಗೇ. ಕಾಮಗಾರಿಗೆಂದು 2024ರ ಸೆಪ್ಟೆಂಬರಿನಿಂದ ಸುಮಾರು ಮೂರು ತಿಂಗಳು ಹತ್ತಾರು ರೈಲುಗಳು ಅಲ್ಲಿ ನಿಲ್ಲದೆ ಮುಂದೆ ಹೋದವು. ಶಿವಾಜಿನಗರ, ವಸಂತನಗರದ ಕಡೆ ಕೆಲಸಕ್ಕೆ ಹೋಗುವವರು ಮೆಜೆಸ್ಟಿಕ್‌ಗೆ ಹೋಗಿ ಹಿಂದಿರುಗಿ ಬಂದರು. ಹೊಸದು ಬರಬೇಕಾದರೆ ಇಷ್ಟು ಸಹಿಸಬೇಕು, ಸರಿ. ಆದರೆ ಬರುವ ಹೊಸದು ಏನು?

ನವೀಕೃತ ನಿಲ್ದಾಣದ ಚಿತ್ರಗಳಲ್ಲಿ ಗೋಪುರ, ಗಾಜು, ದೊಡ್ಡ ಛಾವಣಿ, ತಿಂಡಿ ಅಂಗಡಿಗಳ ಸಾಲು ಎಲ್ಲ ಕಾಣುತ್ತದೆ. ಮೆಟ್ಟಿಲಿನ ಅಗಲ ಎಷ್ಟು ಎಂದು ಯಾವ ಚಿತ್ರವೂ ಹೇಳುವುದಿಲ್ಲ. ಪಾಸಿನವರಿಗೆ ಬೇಕಾದ ಅಂಕಿ ಅದೊಂದೇ.

ನೀರಿನ ಕೊಳವೆಗೆ ಇಂತಿಷ್ಟೇ ಹರಿವು ಎಂಬ ಮಿತಿ ಇರುವಂತೆ ಮೆಟ್ಟಿಲಿಗೂ ಇದೆ. ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆಂದು ಪ್ರಕಟಿಸಿರುವ ಕೈಪಿಡಿಯೊಂದು ಲೆಕ್ಕಕ್ಕೆ ಎರಡು ಸಂಖ್ಯೆಗಳನ್ನು ಕೊಡುತ್ತದೆ. ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ 82 ಜನ, ಅಷ್ಟೇ ಅಗಲದ ಮೆಟ್ಟಿಲಿನಲ್ಲಿ 66 ಜನ. ಇದಕ್ಕಿಂತ ಹೆಚ್ಚು ಜನ ಸಾಗುತ್ತಾರೆಂದು ನಂಬಿ ಕಟ್ಟಡ ಕಟ್ಟಬಾರದು. ಟ್ರಂಕು, ಮೂಟೆ, ಕಂಕುಳಲ್ಲಿ ಮಗು ಇರುವ ನಮ್ಮ ಮೆಟ್ಟಿಲುಗಳಲ್ಲಿ ಈ ಸಂಖ್ಯೆ ಇನ್ನೂ ಕಡಿಮೆಯಾದೀತು. ಆದರೂ ಅದನ್ನೇ ಹಿಡಿಯೋಣ.

ಬೆಳಗಿನ ಒಂದು ರೈಲಿನಿಂದ ಸಾವಿರ ಜನ ಇಳಿದರು, ಮೆಟ್ಟಿಲು ಮೂರು ಮೀಟರ್ ಅಗಲ ಇದೆ ಎಂದಿಟ್ಟುಕೊಳ್ಳಿ. 66ನ್ನು 3ರಿಂದ ಗುಣಿಸಿದರೆ 198, ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ಇನ್ನೂರು ಜನ. ಸಾವಿರ ಜನ ಹತ್ತಿ ಮುಗಿಯಲು ಐದು ನಿಮಿಷ. ಮೊದಲನೆಯವನಿಗೆ ಕಾಯುವಿಕೆಯೇ ಇಲ್ಲ, ಕೊನೆಯವನಿಗೆ ಐದು ನಿಮಿಷ, ಸರಾಸರಿ ತಲಾ ಎರಡೂವರೆ ನಿಮಿಷ. ಸಾವಿರ ಜನರದ್ದು ಸೇರಿದರೆ 2,500 ನಿಮಿಷ, ಸುಮಾರು 42 ಗಂಟೆ. ದಿನಕ್ಕೆ ಎಂಟು ಗಂಟೆ ದುಡಿಯುವ ಒಬ್ಬನ ಐದು ದಿನಗಳ ದುಡಿಮೆಗಿಂತ ಹೆಚ್ಚು! ಅದೂ ಒಂದು ರೈಲಿಗೆ, ಒಂದು ಬೆಳಿಗ್ಗೆ, ಒಂದು ಮೆಟ್ಟಿಲಿನಲ್ಲಿ. ಎದುರಿನಿಂದ ಇಳಿದು ಬರುವವರು ಒಂದು ಮೀಟರನ್ನು ಕಿತ್ತುಕೊಂಡರೆ ಉಳಿಯುವುದು ಎರಡೇ ಮೀಟರ್. ಆಗ ಏಳೂವರೆ ನಿಮಿಷ ಬೇಕು. ಮೆಟ್ಟಿಲಿನ ಅಗಲವನ್ನು ಆರು ಮೀಟರ್ ಮಾಡಿದರೆ ಎರಡೂವರೆ ನಿಮಿಷ ಸಾಕು.

ಹಾಗಾದರೆ ಎಸ್ಕಲೇಟರ್ ಹಾಕಿದರಾಯಿತಲ್ಲ ಎನ್ನುತ್ತೀರಿ. ಸೆಕೆಂಡಿಗೆ ಅರ್ಧ ಮೀಟರ್ ಚಲಿಸುವ, ಇಬ್ಬರು ಅಕ್ಕಪಕ್ಕ ನಿಲ್ಲಬಹುದಾದ ಎಸ್ಕಲೇಟರ್ ಗಂಟೆಗೆ ಸುಮಾರು ಆರು ಸಾವಿರ ಜನರನ್ನು ಏರಿಸುತ್ತದೆ. ಅಂದರೆ ನಿಮಿಷಕ್ಕೆ ನೂರು. ಒಂದೂವರೆ ಮೀಟರ್ ಅಗಲದ ಮೆಟ್ಟಿಲು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ಅಷ್ಟೆ. ಮಂಡಿನೋವಿನ ಅಜ್ಜಿಗೆ ಅದು ದೊಡ್ಡ ಉಪಕಾರ, ಇರಲೇಬೇಕು. ಆದರೆ ಅದನ್ನು ಕೂರಿಸಲೆಂದು ಇದ್ದ ಮೆಟ್ಟಿಲನ್ನು ಕಿರಿದು ಮಾಡಿದರೆ ಲಾಭವೇನೂ ಇಲ್ಲ. ಕೆಟ್ಟು ನಿಂತ ದಿನವಂತೂ ನಷ್ಟವೇ.

ಮೇಲ್ಸೇತುವೆ ಇಷ್ಟು ಎತ್ತರ ಏಕಿರಬೇಕು ಎಂದು ಹತ್ತುವಾಗ ಎಲ್ಲರೂ ಗೊಣಗುವವರೇ. ವಿದ್ಯುತ್ ತಂತಿ ಹಳಿಯಿಂದ ಸುಮಾರು ಐದೂವರೆ ಮೀಟರ್ ಮೇಲಿರುತ್ತದೆ. ಅದರಲ್ಲಿ ಹರಿಯುವುದು 25,000 ವೋಲ್ಟ್. ಅದರಿಂದ ಸುರಕ್ಷಿತ ದೂರದಲ್ಲಿ, ಅದಕ್ಕೂ ಮೇಲೆ ಸೇತುವೆ ಹಾದುಹೋಗಬೇಕು. ಪ್ಲಾಟ್‌ಫಾರಂನಿಂದ ಆರು ಮೀಟರ್ ಏರಬೇಕು ಎಂದುಕೊಂಡರೆ, 60 ಕಿಲೋ ತೂಕದವರು ಮಾಡುವ ಕೆಲಸ 60×9.8×6, ಅಂದರೆ ಸುಮಾರು 3,500 ಜೂಲ್. ಇಪ್ಪತ್ತು ಸೆಕೆಂಡಿನಲ್ಲಿ ಹತ್ತಿದರೆ 175 ವ್ಯಾಟ್. ನಮ್ಮ ಮನೆಯ ಎರಡು ಸೀಲಿಂಗ್ ಫ್ಯಾನ್ ತಿರುಗಿಸುವಷ್ಟು! ಹಿಂದಿನವರು ಬೇಗ ಹತ್ತಲಾರರು ಎಂಬುದಕ್ಕೆ ಸೋಮಾರಿತನ ಕಾರಣವಲ್ಲ. ಇದೇ ಕಾರಣಕ್ಕೆ ನನಗೆ ನೆಲದಡಿಯ ದಾರಿಯೇ ಮೇಲು ಅನ್ನಿಸುತ್ತದೆ. ಮನುಷ್ಯ ಹಾದುಹೋಗುವಷ್ಟು ಆಳ ಇಳಿದರೆ ಸಾಕಲ್ಲ. ಮಳೆನೀರು ಹೊರಹಾಕುವ ಪಂಪು ಕೆಲಸ ಮಾಡುತ್ತಿರಬೇಕು, ಅಷ್ಟೆ.

ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು, ವಿಶ್ವದಾಖಲೆ. ಹೆಮ್ಮೆಪಡೋಣ. ಎರಡು ರೈಲುಗಳನ್ನು ಒಂದರ ಹಿಂದೊಂದು ನಿಲ್ಲಿಸಲು ಅದು ಅನುಕೂಲ. ಆದರೆ ಸೆಕೆಂಡಿಗೆ 1.2 ಮೀಟರಿನಂತೆ ತುದಿಯಿಂದ ತುದಿಗೆ ನಡೆದರೆ ಎಷ್ಟು ನಿಮಿಷ? ನೀವೇ ಭಾಗಿಸಿ. ನನಗೆ ಇಪ್ಪತ್ತೊಂದು ಬಂತು.

ಈಗ ಅಡುಗೆಮನೆಗೆ ಬನ್ನಿ. ಎಣ್ಣೆ ಹಾಕುವ ಲಾಳಿಕೆ ತೆಗೆದುಕೊಂಡು ಅದಕ್ಕೆ ರಾಗಿ ಸುರಿಯಿರಿ, ಸರಾಗವಾಗಿ ಇಳಿಯುತ್ತದೆ. ಕಡಲೆಕಾಳು ಸುರಿಯಿರಿ, ಒಂದಷ್ಟು ಇಳಿದು ಗಕ್ಕನೆ ನಿಲ್ಲುತ್ತದೆ. ಮೇಲಿನಿಂದ ಇಣುಕಿದರೆ ನಾಲ್ಕಾರು ಕಾಳುಗಳು ಒಂದಕ್ಕೊಂದು ಆತುಕೊಂಡು ಪುಟ್ಟ ಕಮಾನು ಕಟ್ಟಿರುವುದು ಕಾಣುತ್ತದೆ. ಮೇಲಿನಿಂದ ಒತ್ತಿದರೆ ಕಮಾನು ಗಟ್ಟಿಯಾಗುತ್ತದೆಯೇ ಹೊರತು ಕಾಳು ಇಳಿಯುವುದಿಲ್ಲ. ಹೆಲ್ಬಿಂಗ್, ಫಾರ್ಕಾಸ್, ವಿಚೆಕ್ ಎಂಬ ಮೂವರು ವಿಜ್ಞಾನಿಗಳು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಮನುಷ್ಯರ ಗುಂಪಿಗೂ ಇಂಥದ್ದೇ ಲೆಕ್ಕ ಹಾಕಿ ತೋರಿಸಿದರು. ಬಾಗಿಲಿನಲ್ಲಿ ಎಲ್ಲರೂ ಅವಸರಪಟ್ಟಷ್ಟೂ ಹೊರಹೋಗುವವರ ಸಂಖ್ಯೆ ಕಡಿಮೆಯಾಗುತ್ತದೆ. ಬಾಗಿಲಿನಲ್ಲಿ ಕಡಲೆಕಾಳಿನಂತೆ ನಾವೂ ಕಮಾನು ಕಟ್ಟುತ್ತೇವೆ.

ಇಲ್ಲಿಯವರೆಗೆ ಮಾತು ನಿಮಿಷದ್ದಾಗಿತ್ತು. ಇನ್ನು ಮುಂದಿನದು ಜೀವದ್ದು.

ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಚದರ ಮೀಟರ್ ಗೆರೆ ಎಳೆಯಿರಿ. ದೊಡ್ಡವರು ಇಬ್ಬರು ನಿಂತರೆ ಆರಾಮ. ನಾಲ್ವರು ನಿಂತರೆ ಮೈಗೆ ಮೈ ತಾಗುತ್ತದೆ. ಆರೇಳು ಮಂದಿಯಾದರೆ ಹೆಜ್ಜೆ ನಮ್ಮದಾಗಿ ಉಳಿಯುವುದಿಲ್ಲ. ಹಿಂದೆ ಎಲ್ಲೋ ಒಬ್ಬರು ಎಡವಿದರೂ ಆ ನೂಕು ಅಲೆಯಂತೆ ಮುಂದಕ್ಕೆ ಸಾಗುತ್ತದೆ, ಗುಂಪು ದ್ರವದಂತೆ ತೂಗಾಡುತ್ತದೆ. ಈ ವಿಷಯದಲ್ಲಿ ಬಹಳ ಕೆಲಸ ಮಾಡಿದ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್, ದುರಂತಗಳಲ್ಲಿ ಬಾಗಿಹೋದ ಉಕ್ಕಿನ ಕಂಬಿಗಳನ್ನು ಆಧಾರವಾಗಿಟ್ಟುಕೊಂಡು ಅಲ್ಲಿನ ಬಲ 4,500 ನ್ಯೂಟನ್ ಮೀರಿತ್ತು ಎಂದು ಬರೆದಿದ್ದಾರೆ. ಐವತ್ತು ಕಿಲೋ ಅಕ್ಕಿಮೂಟೆ ಒಂಬತ್ತನ್ನು ಎದೆಯ ಮೇಲೆ ಹೇರಿದಂತೆ! ಉಸಿರಾಡಬೇಕಾದರೆ ಪಕ್ಕೆಲುಬು ಹಿಗ್ಗಬೇಕು. ಎದೆಗೂ ಬೆನ್ನಿಗೂ ಒತ್ತಡ ಬಿದ್ದಾಗ ಅದು ಹಿಗ್ಗಲಾರದು. ಇಂಥ ಕಡೆ ಬಹುತೇಕ ಸಾವುಗಳಿಗೆ ಉಸಿರು ಕಟ್ಟುವುದೇ ಕಾರಣ. ನಿಂತಲ್ಲೇ ಸತ್ತವರೂ ಇದ್ದಾರೆ. ನಾವೆಲ್ಲ ಬರೆಯುವ 'ಕಾಲ್ತುಳಿತ' ಎಂಬ ಪದ ಹಾಗಾಗಿ ದಾರಿ ತಪ್ಪಿಸುತ್ತದೆ. ಯಾರೋ ಯಾರನ್ನೋ ತುಳಿದು ಓಡಿದರೆಂಬ ಅರ್ಥ ಬಂದು, ತಪ್ಪೆಲ್ಲ ಜನರ ಮೇಲೆ ಬೀಳುತ್ತದೆ. ಕಿರಿದಾದ ದಾರಿ ಕಟ್ಟಿದವರು, ಅಲ್ಲಿಗೆ ಅಳತೆ ಮೀರಿ ಜನರನ್ನು ಬಿಟ್ಟವರು ನುಣುಚಿಕೊಳ್ಳುತ್ತಾರೆ.

2017ರ ಸೆಪ್ಟೆಂಬರ್ 29, ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ, ಕಚೇರಿಗೆ ಹೋಗುವ ಹೊತ್ತು. ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಜನ ಸೇತುವೆಯ ಮೆಟ್ಟಿಲಿನಲ್ಲೇ ಆಸರೆಗೆ ನಿಂತರು. ರೈಲುಗಳು ಬರುತ್ತಲೇ ಇದ್ದವು, ಇಳಿದವರು ಅದೇ ಕಿರಿದಾದ ಸೇತುವೆಗೆ ಬರುತ್ತಲೇ ಇದ್ದರು. 23 ಜನ ಸತ್ತರು. ಗಿರಣಿಗಳ ಜಾಗದಲ್ಲಿ ಕಚೇರಿಗಳ ಕಟ್ಟಡಗಳೆದ್ದು ಓಡಾಡುವವರು ಎಷ್ಟೋ ಪಟ್ಟು ಹೆಚ್ಚಿದ್ದರೂ ಸೇತುವೆ ಹಳೆಯದೇ ಆಗಿತ್ತು. ಆಮೇಲೆ ಸೈನ್ಯದವರು ಬಂದು ಹೊಸ ಸೇತುವೆ ಕಟ್ಟಿದರು. 2018ರ ಫೆಬ್ರುವರಿಯಲ್ಲಿ ಅದು ತೆರೆಯಿತು. ಐದು ತಿಂಗಳ ಕೆಲಸ, ಐದು ತಿಂಗಳು ಮೊದಲೇ ಆಗಿದ್ದರೆ!

2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದ ಮೆಟ್ಟಿಲಿನಲ್ಲಿ 18 ಜನ ತೀರಿಕೊಂಡರು. ಕುಂಭಮೇಳಕ್ಕೆ ಹೊರಟ ಗುಂಪು ಅದು. ಒಬ್ಬ ಪ್ರಯಾಣಿಕರ ತಲೆಹೊರೆ ಜಾರಿ ಬಿದ್ದು, ಹಿಂದಿನವರು ಎಡವಿದ್ದೇ ಆರಂಭ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಒಂದು ಗಂಟುಮೂಟೆ! ಅಷ್ಟು ದಟ್ಟವಾದ ಮೇಲೆ ಅದೂ ಸಾಕು.

ಆ ಬಳಿಕ ರೈಲ್ವೆಯವರು 12 ಮೀಟರ್ ಮತ್ತು 6 ಮೀಟರ್ ಅಗಲದ ಎರಡು ಮಾದರಿ ಮೇಲ್ಸೇತುವೆಗಳನ್ನು ಗೊತ್ತುಪಡಿಸಿದರು. 60 ದೊಡ್ಡ ನಿಲ್ದಾಣಗಳಲ್ಲಿ ಜನರನ್ನು ಹೊರಗೇ ಕೂರಿಸಿ, ರೈಲು ಬಂದಾಗ ಒಳಬಿಡುವ ಕಾಯುವ ಜಾಗ ಮಾಡುವುದಾಗಿಯೂ ಹೇಳಿದರು. ಒಳ್ಳೆಯ ತೀರ್ಮಾನ, ಸಂದೇಹವಿಲ್ಲ. ಆದರೆ ಲೆಕ್ಕದ ಮೇಷ್ಟರಿಗೆ ಒಂದು ಪ್ರಶ್ನೆ ಉಳಿಯುತ್ತದೆ. 12 ಮೀಟರ್ ಸೇತುವೆಯ ಮೇಲೆ ನಿಮಿಷಕ್ಕೆ 12×82, ಅಂದರೆ 984 ಜನ ನಡೆಯಬಹುದು. ಅದಕ್ಕೆ ಅಂಟಿಸಿದ ಮೆಟ್ಟಿಲು ಮೂರೇ ಮೀಟರ್ ಆದರೆ ಇಳಿಯುವವರು 198 ಮಾತ್ರ. ಉಳಿದವರು ಎಲ್ಲಿ ನಿಲ್ಲಬೇಕು? ಮೆಟ್ಟಿಲಿನ ತಲೆಯಲ್ಲಿ. ಮೇಲೆ ವಿಶಾಲವಾಗಿ ಬಂದು ಕೆಳಗೆ ಕಿರಿದಾಗುವ ಈ ಆಕಾರ ಲಾಳಿಕೆಯದಲ್ಲವೇ? ಪ್ಲಾಟ್‌ಫಾರಂನ ಅಗಲ ಸೀಮಿತ, ಮೆಟ್ಟಿಲನ್ನು ಬೇಕಾದಷ್ಟು ಅಗಲ ಮಾಡಲಾಗದು ನಿಜ. ಹಾಗಿದ್ದರೆ ಮೆಟ್ಟಿಲುಗಳ ಸಂಖ್ಯೆ ಹೆಚ್ಚಿಸಬೇಕು. ಪ್ಲಾಟ್‌ಫಾರಂನ ಎರಡು ಮೂರು ಕಡೆ ಇದ್ದರೆ ಎಲ್ಲರೂ "ಮುಂದಿನಿಂದ ನಾಲ್ಕನೇ" ಬೋಗಿಗೇ ಮುಗಿಬೀಳುವುದೂ ತಪ್ಪುತ್ತದೆ.

ದಸರಾ, ದೀಪಾವಳಿಗೆ ಊರಿಗೆ ಹೊರಡುವ ತಂದೆತಾಯಿಗಳು ಮಾಡಬಹುದಾದ್ದೂ ಸ್ವಲ್ಪ ಇದೆ. ರೈಲಿನ ಹೆಸರು ನಂಬಬೇಡಿ, ಐದಂಕಿಯ ಸಂಖ್ಯೆಯನ್ನು ಮಗುವಿನ ಬಾಯಲ್ಲೂ ಕಂಠಪಾಠ ಮಾಡಿಸಿ. ಹೆಸರು ಒಂದೇ ರೀತಿ ಇರುವ ರೈಲುಗಳ ಪ್ರಕಟಣೆಯಿಂದ ಗೊಂದಲ ಆಗುತ್ತದೆ. ಸಂದೇಹವಿದ್ದರೆ 139ಕ್ಕೆ ಕರೆ ಮಾಡಿ. ರೈಲಿನಿಂದ ಇಳಿದ ತಕ್ಷಣ ಮೆಟ್ಟಿಲಿಗೆ ಓಡದೆ ಬೆಂಚಿನಲ್ಲಿ ಐದು ನಿಮಿಷ ಕೂತು ಮಕ್ಕಳಿಗೆ ನೀರು ಕೊಡಿ. ಆ ಐದು ನಿಮಿಷ ಎಲ್ಲಿಂದ ಬಂತೆಂದು ಈಗ ನಿಮಗೆ ಗೊತ್ತು. ಮೆಟ್ಟಿಲಿನ ತುದಿಯಲ್ಲಿ ನಿಂತು "ಪುಟ್ಟಿ ಬಂದಳಾ?" ಎಂದು ಹಿಂದಿರುಗಿ ನೋಡಬೇಡಿ. ಯಾವ ಗಡಿಯಾರದ ಕೆಳಗೆ ಸೇರಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅಕಸ್ಮಾತ್ ದಟ್ಟಣೆಯಲ್ಲಿ ಸಿಲುಕಿದರೆ ಸಣ್ಣ ಮಗುವನ್ನು ಎತ್ತಿಕೊಳ್ಳಿ, ದೊಡ್ಡ ಮಗು ನಿಮ್ಮ ಮುಂದಿರಲಿ. ಎರಡೂ ಮುಂಗೈಗಳನ್ನು ಎದೆಯ ಮುಂದೆ ಮಡಚಿ ಹಿಡಿದರೆ ಉಸಿರಾಡಲು ಅಂಗುಲದಷ್ಟಾದರೂ ಜಾಗ ಉಳಿಯುತ್ತದೆ. ಅಲೆಯ ವಿರುದ್ಧ ತಳ್ಳದೆ, ಅದು ಸಡಿಲವಾದಾಗ ಓರೆಯಾಗಿ ಅಂಚಿನ ಕಡೆಗೆ ಸರಿಯಿರಿ. ಚಪ್ಪಲಿಯೋ ಮೊಬೈಲೋ ಬಿದ್ದರೆ ಬಗ್ಗಬೇಡಿ. ಹೋಗಲಿ ಬಿಡಿ.

ವಿದ್ಯಾರ್ಥಿಗಳಿಗೆ ರಜೆಯ ಕೆಲಸ. ನಿಮ್ಮ ಊರಿನ ನಿಲ್ದಾಣಕ್ಕೆ, ಹೊಸದಾಗಿರಲಿ ಹಳೆಯದಾಗಿರಲಿ, ದೊಡ್ಡವರೊಬ್ಬರ ಜೊತೆ ಪ್ಲಾಟ್‌ಫಾರಂ ಟಿಕೆಟ್ ಪಡೆದು ಹೋಗಿ. ಮೆಟ್ಟಿಲು ಖಾಲಿ ಇರುವಾಗ ಅಗಲ ಅಳೆಯಿರಿ. ಟೇಪು ಇಲ್ಲದಿದ್ದರೆ ಗೇಣು ಲೆಕ್ಕ ಸಾಕು, ಮನೆಗೆ ಬಂದು ಗೇಣನ್ನು ಸ್ಕೇಲಿನಲ್ಲಿ ಅಳೆದರಾಯಿತು. ರೈಲು ಬಂದಾಗ ಮೆಟ್ಟಿಲಿನಲ್ಲಿ ನಿಲ್ಲದೆ ದೂರದ ಕಂಬದ ಪಕ್ಕ ನಿಂತು, ಒಂದು ನಿಮಿಷದಲ್ಲಿ ಎಷ್ಟು ತಲೆಗಳು ಮೇಲೇರಿದವು ಎಣಿಸಿ. ಐದೈದರ ಗುಂಪು ಮಾಡಿ ಗೀಟು ಹಾಕಿದರೆ ತಪ್ಪುವುದಿಲ್ಲ. ಕೊನೆಯವರು ಹತ್ತಿ ಮುಗಿಸಿದ ಸಮಯವನ್ನೂ ಗುರುತಿಸಿಕೊಳ್ಳಿ. ತಲೆಗಳ ಸಂಖ್ಯೆಯನ್ನು ಅಗಲದಿಂದ ಭಾಗಿಸಿ, 66ಕ್ಕೆ ಎಷ್ಟು ಹತ್ತಿರ ಬಂತು ನೋಡಿ. ಉತ್ತರವನ್ನು ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿ. ನಿಲ್ದಾಣದ ಹೆಸರು, ಪ್ಲಾಟ್‌ಫಾರಂ ಸಂಖ್ಯೆ, ದಿನ ಮತ್ತು ಗಂಟೆ ಬರೆಯುವುದನ್ನು ಮರೆಯಬೇಡಿ.